ಒಂದೂವರೆ ಪ್ಲೇಟು

ಕುರ್ಚಿ ಎಳೆದುಕೊಂಡು ಸರಿಯಾಗಿ ಕೂತೂ ಇರಲಿಲ್ಲ. ಮಾಣಿ ತಲೆಯ ಮೇಲೆ ಬಂದು ನಿಂತ. "ಒಂದಾ, ಒಂದೂವರೆಯಾ?"

ಇಸ್ತಾಂಬುಲ್‌ನ ದಿವಾನ್‌ಯೋಲು ರಸ್ತೆ. ಹೊರಗೆ ಟ್ರಾಮು, ಸ್ವಲ್ಪ ಮುಂದಕ್ಕೆ ಹಾಗಿಯಾ ಸೋಫಿಯಾ. ಈ ಬೀದಿಯಲ್ಲಿ 1920ರಿಂದ ಕೊಫ್ತೆ ಸುಡುತ್ತಿರುವ ಅಂಗಡಿಯೊಂದಿದೆ. ಅದು ಹೆಸರು ಮಾಡಿದ ಮೇಲೆ ಸುತ್ತಮುತ್ತ ಹೆಚ್ಚುಕಡಿಮೆ ಅದೇ ಬೋರ್ಡು ಎದ್ದಿವೆ. ಎಲ್ಲರೂ 'ಐತಿಹಾಸಿಕ'ರೇ! ನಾನು ಹೊಕ್ಕಿದ್ದು ಮೂಲದ್ದಲ್ಲ. ಅಲ್ಲಿ ಕ್ಯೂ ಉದ್ದವಿತ್ತು.

ಮೆನು ನೋಡಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಕೆಂಡದ ಮೇಲೆ ಸುಟ್ಟ ಕೊಫ್ತೆ, ಈರುಳ್ಳಿ ಬೆರೆಸಿದ ಬಿಳಿ ಬೀನ್ಸ್ ಕಾಳಿನ ಪಿಯಾಜ್, ಹುಳಿಯಲ್ಲಿ ನೆನೆಸಿದ ಮೆಣಸಿನಕಾಯಿ, ಐರಾನ್ ಅನ್ನುವ ಉಪ್ಪು ಮಜ್ಜಿಗೆ, ಕೊನೆಗೆ ರವೆ ಹಲ್ವ. ಬ್ರೆಡ್ಡು ಕೇಳದೆಯೇ ಬರುತ್ತದೆ. ತೀರ್ಮಾನ ಮಾಡಬೇಕಾದ್ದು ಒಂದೇ, ಅಳತೆ. 'ಬಿರ್ ಬುಚುಕ್' ಅಂದರೆ ಒಂದೂವರೆ. ಟರ್ಕಿಯಲ್ಲಿ ಇದು ತೀರಾ ಮಾಮೂಲಿ. ಜಾಸ್ತಿ ಹಸಿದವನು ಎರಡು ಪ್ಲೇಟು ಹೇಳಿ ನಾಚಿಕೊಳ್ಳಬೇಕಾಗಿಲ್ಲ.

ನಮ್ಮ ಹೋಟೆಲುಗಳಲ್ಲಿ ಅರ್ಧ ಬರುವುದು ಕಡಿಮೆ ಮಾಡೋಕೆ, ಅಲ್ವಾ? ಬೈಟೂ ಕಾಫಿ, ಬೈಟೂ ಸೂಪು. ನಮ್ಮ ಆಫೀಸಿನಲ್ಲಿ ಒಬ್ಬರಿದ್ದರು. ಜೊತೆಗೆ ಯಾರಾದರೂ ಬಂದರೆ ಸಾಕು, ಅವರನ್ನು ಕೇಳದೆಯೇ "ಬೈಟೂ" ಅನ್ನುತ್ತಿದ್ದರು. ಎರಡು ಲೋಟ ಬಂದರೆ ಒಂದರಲ್ಲಿ ಕೂದಲೆಳೆಯಷ್ಟು ಜಾಸ್ತಿ ಇರುತ್ತದಲ್ಲ, ಅದು ಅವರ ಕಡೆಗೇ ಇರುತ್ತಿತ್ತು. "ತಗೊಳ್ಳಿ ಸಾರ್, ತಗೊಳ್ಳಿ" ಎಂದು ಇನ್ನೊಂದನ್ನು ನಮ್ಮತ್ತ ತಳ್ಳುವ ಆ ಉಪಚಾರ ನೋಡಬೇಕಿತ್ತು. ಮಸಾಲೆದೋಸೆಯನ್ನೂ ಬಿಟ್ಟವರಲ್ಲ. ಪಲ್ಯ ಪೂರ್ತಿ ತಮ್ಮ ಕಡೆ ಬರುವಂತೆ ಮುರಿದು, "ಆಲೂಗಡ್ಡೆ ಗ್ಯಾಸು, ನಿಮಗೆ ಯಾಕೆ ಆ ಕಷ್ಟ" ಎನ್ನುತ್ತಿದ್ದರು. ನಾವು ಅಂಚಿನ ಗರಿಗರಿ ತುಂಡು ಕಡಿಯುತ್ತಾ ಚಟ್ನಿ ಕೇಳುತ್ತಿದ್ದೆವು. ಅವರೀಗ ನಿವೃತ್ತರು. ಎರಡು ಸೈಟು ಮಾಡಿದ್ದಾರೆ. ನನ್ನ ಪಾಲಿನ ಪಲ್ಯದಿಂದಲೇ ಅಂತ ನಾನು ಹೇಳುತ್ತಿಲ್ಲ. ಈಗಿನ ದರ್ಶಿನಿಗಳಿಗೆ ಅಂಥವರ ಅಗತ್ಯವೂ ಇಲ್ಲ, ಪೂರ್ತಿ ಕಾಫಿಯೇ ಬೈಟೂ ಸೈಜಿಗೆ ಇಳಿದಿದೆ. ರೇಟು ಮಾತ್ರ ಇಳಿದಿಲ್ಲ.

ಆ ಹೊಟ್ಟೆಯುರಿಯಲ್ಲೇ ಇರಬೇಕು, "ಒಂದೂವರೆ" ಅಂದುಬಿಟ್ಟೆ.

ಕೊಫ್ತೆ ಚೆನ್ನಾಗಿತ್ತು. ಮಸಾಲೆ ಹುಡುಕಿದರೆ ಸಿಗುವುದಿಲ್ಲ. ಮಾಂಸ, ಹೊಗೆ, ಉಪ್ಪು, ಅಷ್ಟೇ. ಆಕಾರಕ್ಕೆ, ರುಚಿಗೆ ಅಲ್ಲಿ ಊರೂರಿಗೂ ಹಟವಿದೆ. ಇನೆಗೋಲ್‌ನವರದ್ದು ಒಂದು, ತೆಕಿರ್ದಾದವರದ್ದು ಇನ್ನೊಂದು. ತಿನ್ನುತ್ತಾ ಯೋಚಿಸುತ್ತಿದ್ದೆ. ಒಂದರ ಮೇಲೆ ಅರ್ಧ ಸೇರಿಸುವ ಜನಕ್ಕೂ ಒಂದನ್ನೇ ಅರ್ಧ ಮಾಡುವ ಜನಕ್ಕೂ ಏನೋ ದೊಡ್ಡ ವ್ಯತ್ಯಾಸ ಇರಲೇಬೇಕು. ಇನ್ನೇನು ಹೊಳೆಯಿತು ಅನ್ನುವಷ್ಟರಲ್ಲಿ ಮಾಣಿ ತಟ್ಟೆ ಎತ್ತಿಕೊಂಡು ಹೋದ. ಅದರಲ್ಲಿ ಇನ್ನೂ ಎರಡು ಕೊಫ್ತೆ ಇದ್ದವು! ಮುಗಿದಿಲ್ಲ ಮಾರಾಯ ಅಂತ ಕನ್ನಡದಲ್ಲೇ ಕೂಗಿದೆ. ಅವನು ಆಗಲೇ ಪಕ್ಕದ ಟೇಬಲಿನಲ್ಲಿದ್ದ.

ಐರಾನ್ ಲೋಟವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಡಿದು ಮುಗಿಸಿದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.