ನನಗೆ ಇಷ್ಟ ಆಯ್ತು, ಆದ್ರೆ ಜನಕ್ಕೆ ಇಷ್ಟ ಆಗಲ್ಲ

ಪರದೆಯ ಮೇಲೆ ಹೆಸರುಗಳು ಇನ್ನೂ ಓಡುತ್ತಿರುತ್ತವೆ. ಅಷ್ಟರಲ್ಲಿ ಥಿಯೇಟರಿನ ಬಾಗಿಲಲ್ಲಿ ಮೈಕ್‌ಗಳು ಸಾಲಾಗಿ ನಿಂತಿರುತ್ತವೆ. ಹಿಂದೆಲ್ಲ ಇಷ್ಟು ಮೈಕ್ ಮುಂದೆ ನಿಲ್ಲಬೇಕು ಅಂದರೆ ಎಲೆಕ್ಷನ್ ಗೆಲ್ಲಬೇಕಿತ್ತು, ಇಲ್ಲವೇ ರಾಜೀನಾಮೆ ಕೊಡಬೇಕಿತ್ತು. ಈಗ ಒಂದು ಟಿಕೆಟ್ ಸಾಕು. ಕೆಲವರಿಗೆ ಅದೂ ಬೇಡ. ಒಳಗೇ ಹೋಗದೆ ಗೇಟಿನ ಹತ್ತಿರ ಫ್ರೆಂಡಿಗೆ ಕಾಯುತ್ತಿದ್ದವನೂ "ಕ್ಲೈಮ್ಯಾಕ್ಸ್ ಬೆಂಕಿ ಗುರೂ" ಅಂತ ಕೈ ಎತ್ತುತ್ತಾನೆ.

ಒಬ್ಬನೇ ಹೀರೋ ಇರುವ ಸಿನಿಮಾ ಆದರೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಹೀರೋ ಬಂದ, ಹೊಡೆದ, ಹೋದ. ಏನು ಹೇಳಬೇಕು ಅನ್ನೋದು ಟೀಸರ್ ಬಂದ ದಿನವೇ ಬಾಯಿಪಾಠ ಆಗಿರುತ್ತದೆ. ಎಡವಟ್ಟಾಗೋದು ನಾಲ್ಕೈದು ಕಥೆ ಹೆಣೆದ ಸಿನಿಮಾ ಬಂದಾಗ. ಆ ಜಾತಿಯ ಸಿನಿಮಾ ನಿಮಗೆ ಗೊತ್ತೇ ಇದೆ. ಮಗನ ಫೋನಿಗೆ ಕಾಯುವ ಒಬ್ಬ ಅಜ್ಜಿ. ಡೈವೋರ್ಸ್‌ಗೆ ಹೊರಟು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಗಂಡ ಹೆಂಡತಿ. ಕದ್ದ ಬ್ಯಾಗನ್ನು ವಾಪಸ್ ಕೊಡಲು ಒದ್ದಾಡುವ ಕಳ್ಳ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದೆ ದಿನಾ ಬೆಳಗ್ಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಡುವ ಅಪ್ಪ. ಅರ್ಧ ಸಿನಿಮಾ ನಗು, ಆಮೇಲೆ ಗಂಟಲು ಕಟ್ಟುತ್ತದೆ. ಕೊನೆಗೆ ಎಲ್ಲರೂ ಒಂದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಸೇರುತ್ತಾರೆ. (ಇಂಥ ಸಿನಿಮಾ ಮಾಡುವವರಿಗೆ ಆಸ್ಪತ್ರೆ ಮೇಲೆ ಅದೇನು ಮೋಹವೋ. ಒಂದು ಸಲ ಪೋಸ್ಟ್ ಆಫೀಸಿನಲ್ಲಿ ಸೇರಿಸಿ ನೋಡಿ ಸ್ವಾಮಿ.)

ಇದನ್ನು ನೋಡಿ ಹೊರಬಂದವನ ಬಾಯಿಗೆ ಮೈಕ್ ಹಿಡಿದರೆ ಮಾತುಕತೆ ಹೀಗೆ ಸಾಗುತ್ತದೆ.

"ಹೇಗಿದೆ ಸಾರ್ ಸಿನಿಮಾ?"

"ಸೂಪರ್."

"ಏನು ಇಷ್ಟ ಆಯ್ತು?"

"ಎಲ್ಲಾ."

"ಹೀರೋ ಆ್ಯಕ್ಟಿಂಗ್?"

"ಯಾವ ಹೀರೋ?"

ಮೈಕ್ ಹಿಡಿದವನಿಗೂ ಗೊತ್ತಿಲ್ಲ. ಇಬ್ಬರೂ ಪೋಸ್ಟರ್ ಕಡೆ ತಿರುಗುತ್ತಾರೆ. ಅಲ್ಲಿ ಒಂಬತ್ತು ಮುಖ, ಎಲ್ಲವೂ ಒಂದೇ ಸೈಜಿನಲ್ಲಿ. "ಎಲ್ಲರೂ ಅವರವರ ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ" ಅಂತ ಹೇಳಿ ಪ್ರೇಕ್ಷಕ ಪಾರಾಗುತ್ತಾನೆ. ಕನ್ನಡ ಸಿನಿಮಾ ಪ್ರೇಕ್ಷಕ ಇಷ್ಟು ವರ್ಷಗಳಿಂದ ಒದಗಿಸಿಕೊಟ್ಟ ನ್ಯಾಯವನ್ನು ಲೆಕ್ಕ ಹಾಕಿದರೆ ಕೋರ್ಟಿನಲ್ಲಿ ಒಂದು ಕೇಸೂ ಬಾಕಿ ಉಳಿಯಬಾರದಿತ್ತು.

ಅವನನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಆಸ್ಕರ್ ಕೊಡುವವರಿಗೇ ಇದು ತಿಳಿಯಲಿಲ್ಲ. ಒಂದು ಹೋಟೆಲಿಗೆ ಬಂದುಹೋಗುವ ಹಲವರ ಕಥೆ ಹೆಣೆದ 'ಗ್ರ್ಯಾಂಡ್ ಹೋಟೆಲ್' 1932ರ ಸಿನಿಮಾ. ಅತ್ಯುತ್ತಮ ಚಿತ್ರ ಅಂತ ಅದಕ್ಕೆ ಆಸ್ಕರ್ ಕೊಟ್ಟರು. ಆದರೆ ನಟನೆ, ನಿರ್ದೇಶನ, ಬರವಣಿಗೆ, ಯಾವುದಕ್ಕೂ ನಾಮನಿರ್ದೇಶನ ಕೂಡ ಇಲ್ಲ. ಬೇರೆ ಒಂದೇ ಒಂದು ನಾಮನಿರ್ದೇಶನ ಇಲ್ಲದೆ ಆ ಪ್ರಶಸ್ತಿ ಗೆದ್ದ ಸಿನಿಮಾ ಇವತ್ತಿಗೂ ಅದೊಂದೇ. ಅಂದರೆ ಅವರದೂ ಅದೇ ಉತ್ತರ. ಸಿನಿಮಾ ಸೂಪರ್, ಯಾರಿಂದ ಅಂತ ಮಾತ್ರ ಕೇಳಬೇಡಿ.

ನನಗೆ ನಗು ಬರೋದು "ತುಂಬಾ ಕ್ಯಾರೆಕ್ಟರ್ ಸಾರ್, ಫಾಲೋ ಮಾಡೋಕೆ ಆಗಲಿಲ್ಲ" ಅನ್ನೋ ದೂರು ಕೇಳಿದಾಗ. ರಾಬರ್ಟ್ ಆಲ್ಟ್‌ಮನ್ 1975ರಲ್ಲಿ ಮಾಡಿದ 'ನ್ಯಾಶ್‌ವಿಲ್' ಸಿನಿಮಾದಲ್ಲಿ ಮುಖ್ಯ ಪಾತ್ರಗಳೇ 24. ಅದಿರಲಿ, ಅದು ದೂರದ್ದು. ನಾವು ಮಹಾಭಾರತ ಕೇಳಿ ಬೆಳೆದ ಜನ ಅಲ್ವಾ? ವೈಶಂಪಾಯನ ಜನಮೇಜಯನಿಗೆ ಹೇಳಿದ್ದನ್ನು ಸೂತ ನೈಮಿಷಾರಣ್ಯದಲ್ಲಿ ಶೌನಕಾದಿಗಳಿಗೆ ಹೇಳುತ್ತಾನೆ. ಅದರೊಳಗೆ ಕಾಡಿನಲ್ಲಿ ಬೇಜಾರಾಗಿ ಕೂತ ಧರ್ಮರಾಯನಿಗೆ ಇನ್ಯಾರೋ ನಳ ದಮಯಂತಿ ಕಥೆ ಹೇಳುತ್ತಾರೆ. ಫ್ಲ್ಯಾಶ್‌ಬ್ಯಾಕಿನೊಳಗೆ ಫ್ಲ್ಯಾಶ್‌ಬ್ಯಾಕ್, ಅದರೊಳಗೆ ಇನ್ನೊಂದು. ಶುರುವಿನಲ್ಲಿ ಅವಮಾನ ಆಗಿ ಹೋದ ಅಂಬೆ ಎಷ್ಟೋ ಪರ್ವ ದಾಟಿ ಶಿಖಂಡಿಯಾಗಿ ಬಂದು ಭೀಷ್ಮರ ರಥದ ಮುಂದೆ ನಿಲ್ಲುತ್ತಾಳೆ. ಯಾರಾದರೂ "ಅಂಬೆ ಟ್ರ್ಯಾಕ್ ಕನ್‌ಫ್ಯೂಸಿಂಗ್" ಅಂದದ್ದು ಕೇಳಿದ್ದೀರಾ?

ಹೀರೋ ಯಾರು ಅನ್ನೋ ತಲೆನೋವು ಪಂಪನಿಗೂ ಇತ್ತು. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನ ಮಾಡಿ ಕಾವ್ಯ ಬರೆದ. ಅಂದರೆ ಪ್ರೊಡ್ಯೂಸರೇ ಹೀರೋ, ಇದೂ ನಮಗೆ ಹೊಸದಲ್ಲ. ಬರೆಯುತ್ತಾ ಬರೆಯುತ್ತಾ ಕರ್ಣ ಬೀಳುವ ಜಾಗಕ್ಕೆ ಬಂದ. ಅಲ್ಲಿ ಅವನಿಗೆ ತಡೆಯಲಾಗಲಿಲ್ಲ. ಭಾರತದಲ್ಲಿ ಇನ್ಯಾರನ್ನೂ ನೆನೆಯಬೇಡಿ, ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅಂದುಬಿಟ್ಟ. ಪ್ರೊಡ್ಯೂಸರ್ ದುಡ್ಡಿನಲ್ಲಿ ಸೈಡ್ ರೋಲಿಗೆ ಇಂಥ ಮೆಚ್ಚುಗೆ! ಅರಿಕೇಸರಿ ಬೇಜಾರು ಮಾಡಿಕೊಳ್ಳಲಿಲ್ಲ, ಕವಿಗೆ ಅಗ್ರಹಾರವನ್ನೇ ಕೊಟ್ಟ. ಅವತ್ತು ಆಸ್ಥಾನದ ಬಾಗಿಲಲ್ಲಿ ಮೈಕ್ ಇರಲಿಲ್ಲ, ಪಂಪನ ಪುಣ್ಯ. ಇದ್ದಿದ್ದರೆ "ಸೆಕೆಂಡ್ ಹಾಫಿನಲ್ಲಿ ಹೀರೋ ಎಲಿವೇಷನ್ ಸಾಲಲಿಲ್ಲ, ವಿಲನ್ ಕಡೆಯವನನ್ನು ಜಾಸ್ತಿ ತೋರಿಸಿದ್ದಾರೆ" ಅಂತ ಬರುತ್ತಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಮೈಕ್ ಹತ್ತಿರ ವಾಪಸ್ ಬರೋಣ.

ಅಲ್ಲಿ ಹೇಳುವ ಮಾತುಗಳೆಲ್ಲ ನಿಮಗೆ ಗೊತ್ತಿರುವವೇ. ಫಸ್ಟ್ ಹಾಫ್ ಸ್ವಲ್ಪ ಲ್ಯಾಗ್. ಫ್ಯಾಮಿಲಿ ಸಮೇತ ಕೂತು ನೋಡಬಹುದು. ಲಾಸ್ಟ್ ಹತ್ತು ನಿಮಿಷ ಮಿಸ್ ಮಾಡ್ಬೇಡಿ. ಒನ್ ಟೈಮ್ ವಾಚ್. ಇವೆಲ್ಲ ಪರವಾಗಿಲ್ಲ, ನಾನು ದೂರುವುದಿಲ್ಲ. ನನಗೆ ಮೈ ಉರಿಯುವುದು ಒಂದೇ ಮಾತಿಗೆ. "ಪರ್ಸನಲಿ ನನಗೆ ತುಂಬಾ ಇಷ್ಟ ಆಯ್ತು. ಆದ್ರೆ ಜನಕ್ಕೆ ಇಷ್ಟ ಆಗಲ್ಲ."

ಯಾರಪ್ಪ ಈ ಜನ?

ಆ ಮಾತು ಹೇಳಿದವನ ಹಿಂದೆ ನಿಂತವನೂ ಅದನ್ನೇ ಹೇಳುತ್ತಾನೆ. ಅವನ ಹಿಂದಿನ ಅಕ್ಕನೂ ಅದನ್ನೇ ಹೇಳುತ್ತಾರೆ. "ನಮಗೆ ಓಕೆ, ಬಿ ಸಿ ಸೆಂಟರಿನಲ್ಲಿ (ಅಂದರೆ ಸಣ್ಣ ಊರುಗಳಲ್ಲಿ) ಕಷ್ಟ." "ಕ್ಲಾಸ್ ಆಡಿಯನ್ಸಿಗೆ ಹಿಡಿಸುತ್ತೆ, ಮಾಸಿಗೆ ಕನೆಕ್ಟ್ ಆಗಲ್ಲ." ಥಿಯೇಟರಿನಿಂದ ಮುನ್ನೂರು ಜನ ಹೊರಬಂದರೆ ಮುನ್ನೂರೂ ಜನ ಡಿಸ್ಟ್ರಿಬ್ಯೂಟರುಗಳು. ಟಿಕೆಟ್ ಕೊಂಡ ಪ್ರೇಕ್ಷಕ ಒಬ್ಬನೂ ಇಲ್ಲ. ಶನಿವಾರದ ಕಲೆಕ್ಷನ್ ಬಗ್ಗೆ ಇವರಿಗಿರುವ ಚಿಂತೆ ಸಿನಿಮಾಗೆ ಬಡ್ಡಿಗೆ ಸಾಲ ತಂದವನಿಗೂ ಇರುವುದಿಲ್ಲ. ಅಜ್ಜಿ ಕೊನೆಗೆ ತಾನೇ ಮಗನ ನಂಬರ್ ಒತ್ತಿ, ರಿಂಗ್ ಆಗುವ ಮುಂಚೆ ಕಟ್ ಮಾಡುತ್ತಾಳಲ್ಲ, ಆ ಸೀನಿನಲ್ಲಿ ಇದೇ ಮಹಾನುಭಾವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿರುತ್ತಾನೆ. ಹೊರಗೆ ಬಂದು ಹೇಳುವುದು "ಅಜ್ಜಿ ಟ್ರ್ಯಾಕ್ ಸ್ವಲ್ಪ ಟ್ರಿಮ್ ಮಾಡಬಹುದಿತ್ತು" ಅಂತ.

ಬಾಗಿಲಲ್ಲಿ ನಿಂತು ಪ್ರೇಕ್ಷಕನನ್ನು ಕೇಳುವ ಪದ್ಧತಿ ಯೂಟ್ಯೂಬ್ ಹುಡುಗರು ಕಂಡುಹಿಡಿದದ್ದಲ್ಲ. 1978ರಲ್ಲಿ ನೀಲ್ ಸೈಮನ್ ಬರೆದ 'ದಿ ಚೀಪ್ ಡಿಟೆಕ್ಟಿವ್' ಅನ್ನೋ ಕಾಮಿಡಿ ಬಂತು. ಅದರಲ್ಲೂ ತಾರೆಯರ ದಂಡೇ ಇತ್ತು. ಎಡ್ ಮಿಂಟ್ಜ್ ಅನ್ನೋ ಅಮೆರಿಕದವನು ಸೈಮನ್ ಅಭಿಮಾನಿ. ಆಸೆಯಿಂದ ಹೋದ, ಪೆಚ್ಚಾಗಿ ಬಂದ. ಇನ್ಯಾರೋ ಪ್ರೇಕ್ಷಕ ಗೊಣಗಿದ್ದು ಕಿವಿಗೆ ಬಿತ್ತು. ವಿಮರ್ಶಕರ ಮಾತು ಕಟ್ಟಿಕೊಂಡು ಏನಾಗಬೇಕು, ನಮ್ಮಂಥವರು ಏನಂತಾರೆ ಅಂತ ಗೊತ್ತಾಗಬೇಕು ಅನ್ನೋ ಅರ್ಥದ ಮಾತು. ಮಿಂಟ್ಜ್ 1979ರಲ್ಲಿ ಸಿನಿಮಾಸ್ಕೋರ್ ಅನ್ನೋ ಕಂಪನಿಯನ್ನೇ ಶುರು ಮಾಡಿದ. ಬಿಡುಗಡೆಯ ದಿನ ಪ್ರೇಕ್ಷಕರ ಕೈಗೆ ಒಂದು ಕಾರ್ಡ್ ಕೊಡುವುದು, ಎ ಇಂದ ಎಫ್ ತನಕ ಗ್ರೇಡ್ ಹಾಕಿಸಿಕೊಳ್ಳುವುದು. ಕಾರ್ಡಿನ ಐಡಿಯಾ ಸಿಕ್ಕಿದ್ದು ಯಹೂದಿಗಳ ಯೋಮ್ ಕಿಪ್ಪುರ್ ದಿನ ದೇಣಿಗೆಗೆ ಕೊಡುವ ಕಾರ್ಡಿನಿಂದ. ಅದರಲ್ಲಿ ಬರೆಯುವುದು ಏನೂ ಇಲ್ಲ, ಅಂಚು ಮಡಚಿದರೆ ಮುಗಿಯಿತು. ಯೋಮ್ ಕಿಪ್ಪುರ್ ಅಂದರೆ ಮಾಡಿದ ಪಾಪಕ್ಕೆ ಕ್ಷಮೆ ಕೇಳುವ ದಿನ. ಆ ದಿನದ ಕಾರ್ಡಿನಿಂದ ಹುಟ್ಟಿದ ವ್ಯವಹಾರ ಎಲ್ಲಿಗೆ ಬಂದು ನಿಂತಿದೆ ನೋಡಿ.

ಆದರೂ ಆ ಕಾರ್ಡ್ ವಾಸಿ. ಅದಕ್ಕೆ ಕ್ಯಾಮೆರಾ ಇಲ್ಲ. ಸುಮ್ನೆ ಒಂದು ಅಂಚು ಮಡಚಿ ಡಬ್ಬಿಗೆ ಹಾಕಿ ಮನೆಗೆ ಹೋಗಬಹುದು. ಅಲ್ಲಿ 'ಜನ' ಯಾರೂ ಇಲ್ಲ, ನೀನೊಬ್ಬನೇ. ಕ್ಯಾಮೆರಾ ಮುಂದೆ "ಅತ್ತುಬಿಟ್ಟೆ" ಅಂತ ಹೇಳಲು ನಾಚಿಕೆ. ಅದಕ್ಕೇ ಮಾರ್ಕೆಟ್ ಅನಾಲಿಸಿಸ್.

ಬಾಯಿ ಬಿಡಲು ಇಷ್ಟವಿಲ್ಲದವರಿಗೆ ಸ್ಟಾರುಗಳಿವೆ. ನಾಲ್ಕು ಕಥೆಯಲ್ಲಿ ಅಜ್ಜಿ ಕಥೆಗೆ ಐದು ಸ್ಟಾರ್, ಕಳ್ಳನ ಕಥೆಗೆ ನಾಲ್ಕು, ಲಿಫ್ಟಿಗೆ ಎರಡು, ಅಪ್ಪನಿಗೆ ಒಂದು ಅಂದುಕೊಳ್ಳಿ. ಕೂಡಿಸಿ ಭಾಗಿಸಿದರೆ ಮೂರು. ಆ ಮೂರು ಸ್ಟಾರ್ ಯಾವ ಕಥೆಯದು? ಯಾವುದರದೂ ಅಲ್ಲ. ವಿಮರ್ಶೆಗಳನ್ನೆಲ್ಲ ಒಟ್ಟು ಹಾಕುವ ರಾಟನ್ ಟೊಮೇಟೋಸ್ ಅನ್ನೋ ವೆಬ್‌ಸೈಟಿನ ಲೆಕ್ಕ ಇನ್ನೂ ಮಜಾ. ಅಲ್ಲಿ ಶೇಕಡಾವಾರು ಅಂದರೆ ಎಷ್ಟು ಜನ ವಿಮರ್ಶಕರು ಒಳ್ಳೆಯದು ಅಂದರು ಅನ್ನೋ ಲೆಕ್ಕ ಅಷ್ಟೇ. ಎಷ್ಟು ಒಳ್ಳೆಯದು ಅಂತ ಅಲ್ಲ. ಪ್ರತಿಯೊಬ್ಬನೂ "ಪರವಾಗಿಲ್ಲ, ನೋಡಬಹುದು" ಅಂದರೆ ನೂರಕ್ಕೆ ನೂರು. ಅರ್ಧ ಜನ ಜೀವನದಲ್ಲೇ ಮರೆಯಲ್ಲ ಅಂದು, ಇನ್ನರ್ಧ ಜನ ಎದ್ದು ಹೋದರೆ ಐವತ್ತು, ಅಂದರೆ ಕೊಳೆತ ಟೊಮೇಟೊ. ಫ್ರೆಶ್ ಅನ್ನಿಸಿಕೊಳ್ಳಲು 60 ಬೇಕು. ಹಲವು ಕಥೆಯ ಸಿನಿಮಾದಲ್ಲಿ ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದೇ ಇರುವುದು ಸಹಜ. ಆ ಸಹಜಕ್ಕೇ ಇಲ್ಲಿ ಮಾರ್ಕ್ಸ್ ಕಟ್.

ಇದೇ ಸೈಟಿನಲ್ಲಿ ಒಂದು ಕಾಲಕ್ಕೆ ಸಿನಿಮಾ ಬಿಡುಗಡೆಗೆ ಮುಂಚೆಯೇ ಜನ ಕಾಮೆಂಟ್ ಬರೆಯಬಹುದಿತ್ತು. 2019ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ದೊಡ್ಡ ಅನ್ಯಾಯ. ನೋಡದೆ ಕೊಟ್ಟ ಅಭಿಪ್ರಾಯದಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಅದಕ್ಕೆ ಸಿನಿಮಾದ ಸೋಂಕೇ ಇರುವುದಿಲ್ಲ.

ಇತ್ತ ಕೇರಳದಲ್ಲಿ ಬೇಕಂತಲೇ ರಿವ್ಯೂ ಹಾಕಿ ಸಿನಿಮಾ ಮಲಗಿಸುತ್ತಾರೆ ಅಂತ ವಿಷಯ ಹೈಕೋರ್ಟ್ ತನಕ ಹೋಯಿತು. ಕೋರ್ಟಿಗೆ ನೆರವಾಗಲು ನೇಮಕವಾದ ಅಮಿಕಸ್ ಕ್ಯೂರಿ 2024ರಲ್ಲಿ ಒಂದು ಸಲಹೆ ಕೊಟ್ಟರು. ಬಿಡುಗಡೆಯಾಗಿ 48 ಗಂಟೆ ವ್ಲಾಗರುಗಳು ಸುಮ್ಮನಿರಲಿ ಅಂತ. ನಲವತ್ತೆಂಟು ಗಂಟೆ! ಇಂಟರ್ವಲ್ ತನಕ ತಡೆದುಕೊಳ್ಳಲು ಆಗದವರಿಗೆ. "ಇಂಟರ್ವಲ್ ರಿಪೋರ್ಟ್: ಯಾವ ಕಥೆಗೂ ಕನ್‌ಕ್ಲೂಷನ್ ಇಲ್ಲ" ಅಂತ ಹಾಕುವವರನ್ನು ನಾನು ಬಲ್ಲೆ. ಇಂಟರ್ವಲ್‌ನಲ್ಲಿ ಕನ್‌ಕ್ಲೂಷನ್ ಇದ್ದರೆ ಇನ್ನರ್ಧ ಸಿನಿಮಾದಲ್ಲಿ ಏನು, ನಿಮ್ಮ ರಿವ್ಯೂ ಹಾಕಬೇಕಾ?

ಸಿನಿಮಾದವರು ಏನು ಸಾಚಾಗಳಲ್ಲ. ಚೆನ್ನಾಗಿದೆ ಅಂದರೆ ಜನಾಭಿಪ್ರಾಯ, ಚೆನ್ನಾಗಿಲ್ಲ ಅಂದರೆ ಷಡ್ಯಂತ್ರ. ಪ್ರೀಮಿಯರ್ ಶೋಗೆ ಕರೆದು, ಫೋಟೋ ತೆಗೆಸಿಕೊಂಡು, "ನಿಮ್ಮ ಪ್ರಾಮಾಣಿಕ ಅಭಿಪ್ರಾಯ ತಿಳಿಸಿ" ಅಂತ ಪಕ್ಕದಲ್ಲೇ ಡೈರೆಕ್ಟರನ್ನು ನಿಲ್ಲಿಸುತ್ತಾರೆ. ಅತ್ತ ಫೋನಿನಲ್ಲಿ ಕೂತು ಎದುರಾಳಿ ಹೀರೋನ ಸಿನಿಮಾಗೆ ಒಂದು ಸ್ಟಾರ್ ಒತ್ತುವ ಅಭಿಮಾನಿಗಳ ಪಡೆ ಬೇರೆ. ಹಲವು ಕಥೆಯ ಸಿನಿಮಾಗೆ ಅಭಿಮಾನಿ ಸಂಘ ಇರುವುದಿಲ್ಲ. ಅಜ್ಜಿಗೆ ಯಾರು ಕಟೌಟ್ ಹಾಕುತ್ತಾರೆ?

ಇಷ್ಟು ಹೊತ್ತು ತಮಾಷೆ ಮಾಡಿದೆ. ನಿಜ ಹೇಳಬೇಕು ಅಂದರೆ ನನಗೆ ಸುಸ್ತಾಗಿದೆ. ಯಾಕೆಂದರೆ ಬಾಗಿಲಲ್ಲಿ ಸುಮ್ನೆ ಬಾಯಿಗೆ ಬಂದ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಶುಕ್ರವಾರ "ಅಜ್ಜಿ ಟ್ರ್ಯಾಕ್ ಲ್ಯಾಗ್" ಅಂತ ನಾಲ್ಕು ಜನ ಹೇಳಿದರೆ ಶನಿವಾರ ರಾತ್ರಿ ಎಡಿಟಿಂಗ್ ರೂಮಿನ ದೀಪ ಉರಿಯುತ್ತದೆ. ಭಾನುವಾರದ ಜಾಹೀರಾತಿನಲ್ಲಿ "ಪ್ರೇಕ್ಷಕರ ಅಭಿಪ್ರಾಯದ ಮೇರೆಗೆ ಟ್ರಿಮ್ ಮಾಡಲಾಗಿದೆ" ಅಂತ ಹೆಮ್ಮೆಯಿಂದ ಹಾಕುತ್ತಾರೆ. ಹಾಗೆ ಕತ್ತರಿಸಿದ ಹದಿನೈದು ನಿಮಿಷದ ಬೆನ್ನಿಗೆ ಒಬ್ಬ ನಟಿಯ ವರ್ಷಗಟ್ಟಲೆಯ ರಂಗಭೂಮಿ ಇರುತ್ತದೆ. ಬರೆದವನು ಆ ಫೋನ್ ಸೀನನ್ನು ಹರಿದು ಹರಿದು ಬರೆದಿರುತ್ತಾನೆ. ಯಾರಿಗಾಗಿ ಕತ್ತರಿಸಿದ್ದು? ಜನಕ್ಕಾಗಿ. ಯಾರೂ ಕಾಣದ, ಟಿಕೆಟ್ ಕೊಳ್ಳದ, ಎಲ್ಲರ ಬಾಯಲ್ಲೂ ಇರುವ ಆ ಜನಕ್ಕಾಗಿ. ನಿನಗೇನನ್ನಿಸಿತು ಅಂತ ಕೇಳಿದರೆ ಅದೊಂದನ್ನು ಹೇಳಿ ಹೋಗಲು ಏನು ರೋಗ? ಸೋಮವಾರ ಬಂದವರು ಕಟ್ ಆದ ಸಿನಿಮಾ ನೋಡಿ "ಅಜ್ಜಿ ಕಥೆ ಅರ್ಧಕ್ಕೇ ನಿಂತುಹೋಯ್ತು, ಡೈರೆಕ್ಟರ್ ಮರೆತೇಬಿಟ್ಟಿದ್ದಾರೆ" ಅನ್ನುತ್ತಾರೆ. ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ಅದು ಇನ್ನೂ ಹಿಂಸೆ.

ಮುಂದಿನದು ನಿಮಗೆ ಗೊತ್ತು. ಎರಡನೇ ವಾರಕ್ಕೆ ಬೆಳಗಿನ ಒಂದು ಶೋ ಉಳಿಯುತ್ತದೆ, ಮೂರನೇ ವಾರ ಅದೂ ಇಲ್ಲ. ಓಟಿಟಿಗೆ ಬರುತ್ತದೆ, ಕತ್ತರಿಸಿದ್ದನ್ನೆಲ್ಲ ಸೇರಿಸಿಕೊಂಡು. ಅಜ್ಜಿ ಫೋನ್ ಕಟ್ ಮಾಡುವ ತುಣುಕು ರೀಲ್ಸ್ ತುಂಬಾ ಓಡಾಡುತ್ತದೆ. "ಅಂಡರ್‌ರೇಟೆಡ್ ಮಾಸ್ಟರ್‌ಪೀಸ್." "ನಮ್ಮ ಜನಕ್ಕೆ ಟೇಸ್ಟ್ ಇಲ್ಲ." 'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ಸೋತಿತು. ಒಂದೇ ಘಟನೆಯನ್ನು ಒಬ್ಬೊಬ್ಬರ ಕಣ್ಣಿಂದ ಹೇಳಿದ್ದು ಅರ್ಥವಾಗಲಿಲ್ಲ ಅಂದವರೇ ಜಾಸ್ತಿ. ಇವತ್ತು ಕೇಳಿ ನೋಡಿ. ಎಲ್ಲರೂ ಅದನ್ನು ಫಸ್ಟ್ ಡೇ ಫಸ್ಟ್ ಶೋ ನೋಡಿದವರೇ, ಎಲ್ಲರಿಗೂ ಅವತ್ತೇ ಇಷ್ಟ ಆಗಿತ್ತು. ಜನಕ್ಕೆ ಇಷ್ಟ ಆಗಲಿಲ್ಲ ಅಷ್ಟೇ.

ಅಜ್ಜಿ ಪಾತ್ರ ಮಾಡಿದವರಿಗೂ ಒಳ್ಳೆಯದೇ ಆಗುತ್ತದೆ. ರೀಲ್ಸ್ ನೋಡಿದ ದೊಡ್ಡ ಬ್ಯಾನರಿನವರು ಹುಡುಕಿಕೊಂಡು ಬರುತ್ತಾರೆ. ಹೀರೋನ ಅಜ್ಜಿ ಪಾತ್ರ, ಎರಡು ಸೀನ್. ಎರಡನೆಯ ಸೀನಿನಲ್ಲಿ ಫೋಟೋಗೆ ಹಾರ ಹಾಕಿರುತ್ತದೆ, ಶೂಟಿಂಗಿಗೆ ಅವರು ಬರುವ ಅಗತ್ಯವೂ ಇಲ್ಲ.