ಆ್ಯಪ್‌ನ ಮೆನು ನಮ್ಮನ್ನು ನೋಡಿ ತಾನೇ ಬದಲಾಗಬೇಕೆ? ಪರ-ವಿರೋಧ

ಪರ

ಎಲ್ಲರಿಗೂ ಒಂದೇ ಪರದೆ ಸಾಕು ಎನ್ನುವವರ ಕೈ ಸಾಮಾನ್ಯವಾಗಿ ನಡುಗುತ್ತಿರುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಟೊಫ್ ಗಾಯೋಸ್ ಮತ್ತು ಸಂಗಡಿಗರು ಕಟ್ಟಿದ ಸಪಲ್ ಎಂಬ ವ್ಯವಸ್ಥೆ, ಬಳಸುವವರಿಂದ ಮೊದಲು ಕ್ಲಿಕ್ಕಿಸುವ, ಎಳೆಯುವ, ಪಟ್ಟಿಯಿಂದ ಆರಿಸುವ ಪರೀಕ್ಷೆಗಳನ್ನು ಮಾಡಿಸುತ್ತಿತ್ತು. ಯಾವ ಗಾತ್ರದ ಗುಂಡಿ ಎಷ್ಟು ದೂರದಲ್ಲಿದ್ದರೆ ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕಲಿತು, ಅದಕ್ಕೆ ಒಪ್ಪುವ ಪರದೆಯನ್ನು ತಾನೇ ಜೋಡಿಸುತ್ತಿತ್ತು. 2008ರ ಪ್ರಯೋಗದಲ್ಲಿ ಕೈಚಲನೆಯ ತೊಂದರೆ ಇದ್ದವರ ವೇಗ ಸುಮಾರು 26% ಹೆಚ್ಚಿತು, ತಪ್ಪುಗಳು 73% ಇಳಿದವು.

ಉಳಿದವರಿಗೂ ಇದು ಹೊಸದಲ್ಲ. ಫೋನಿನ ಕೀಬೋರ್ಡ್‌ಗಳಲ್ಲಿ ಮುಂದೆ ಬರಬಹುದಾದ ಅಕ್ಷರದ ಸ್ಪರ್ಶಕ್ಷೇತ್ರ ಒಳಗೊಳಗೇ ಹಿಗ್ಗುತ್ತದೆ. ಕಾಣುವ ಕೀಲಿ ಮಾತ್ರ ಅಲ್ಲಾಡುವುದಿಲ್ಲ, ಹಾಗಾಗಿ ಯಾರೂ ದೂರುವುದಿಲ್ಲ.

ಮೆನುವಿಗೂ ಇದೇ ದಾರಿ. ಮೂಲ ಪಟ್ಟಿಯನ್ನು ಮುಟ್ಟಬೇಡಿ. ಊಹಿಸಿದ ಮೂರು-ನಾಲ್ಕು ಆಯ್ಕೆಗಳ ನಕಲನ್ನು ಬೇರೆ ಪಟ್ಟಿಯಲ್ಲಿಡಿ. ಊಹಿಸಲು ಪ್ರತಿ ಬಳಕೆಗೆ 1 ಅಂಕ ಕೊಟ್ಟು, ಹಳೆಯ ಬಳಕೆಯ ತೂಕ ಇಳಿಯುವಂತೆ ವಾರಕ್ಕೊಮ್ಮೆ ಅಂಕವನ್ನು ಅರ್ಧಕ್ಕಿಳಿಸಿ. ತೆರೆದಿರುವ ಕಡತ ಯಾವ ಬಗೆಯದೆಂಬುದನ್ನೂ ಮಾದರಿಗೆ, ಅಂದರೆ ಬಳಕೆ ನೋಡಿ ಊಹಿಸುವ ಪ್ರೋಗ್ರಾಂಗೆ, ಉಣಿಸಿ. ಕೆಲಸದ ನಡುವೆ ಏನನ್ನೂ ಬದಲಿಸದೆ, ಆ್ಯಪ್ ಮತ್ತೆ ತೆರೆದಾಗ ಬದಲಿಸಿ. ‘ಇತ್ತೀಚೆಗೆ ಬಳಸಿದ್ದು’ ಎಂಬ ಸಾದಾ ಪಟ್ಟಿಯನ್ನೂ ಸೋಲಿಸಲಾಗದ ಮಾದರಿಯನ್ನು ಜನರ ಮುಂದಿಡುವುದೇ ಬೇಡ.

ವಿರೋಧ

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾಗಿದೆ. ಮೈಕ್ರೋಸಾಫ್ಟ್ ಆಫೀಸ್ 2000 ಕಡಿಮೆ ಬಳಸಿದ ಆಯ್ಕೆಗಳನ್ನು ಅಡಗಿಸುತ್ತಿತ್ತು. ಪೂರ್ತಿ ಮೆನು ಬೇಕೆಂದರೆ ಕೆಳಗಿನ ಜೋಡಿ ಬಾಣ ಒತ್ತಬೇಕು, ಇಲ್ಲವೇ ಕಾಯಬೇಕು. ಮೆನು ಬಿಚ್ಚಿಕೊಂಡಾಗ ಕಣ್ಣಿಟ್ಟಿದ್ದ ಸಾಲು ಕೆಳಗೆ ಜಾರಿರುತ್ತಿತ್ತು. 2007ರಲ್ಲಿ ರಿಬ್ಬನ್ (ಮೇಲ್ಗಡೆ ಟ್ಯಾಬ್‌ಗಳಲ್ಲಿ ಗುಂಡಿಗಳನ್ನು ಹರಡಿಟ್ಟ ಪಟ್ಟಿ) ಬಂದಾಗ ವರ್ಡ್, ಎಕ್ಸೆಲ್‌ಗಳಲ್ಲಿ ಈ ಮೆನುಗಳೇ ಹೋದವು. ಪಳಗಿದವರು ಮೆನು ಓದುವುದಿಲ್ಲ. ಕೈಯೇ ಜಾಗ ಹುಡುಕಿಕೊಂಡು ಹೋಗುತ್ತದೆ. ಜಾಗ ತಪ್ಪಿಸಿದರೆ ಅವರು ಮತ್ತೆ ಸಾಲು ಸಾಲು ಓದಬೇಕು.

ನಕಲು ಪಟ್ಟಿಯೂ ಪುಕ್ಕಟೆಯಲ್ಲ. ಅದರತ್ತ ಕಣ್ಣು ಹಾಯಿಸಲು ಪ್ರತಿ ಸಲ 0.4 ಸೆಕೆಂಡು, ಬೇಕಾದದ್ದು ಸಿಕ್ಕಾಗ 0.6 ಸೆಕೆಂಡು ಉಳಿತಾಯ ಎಂದಿಟ್ಟುಕೊಳ್ಳಿ. 10ರಲ್ಲಿ 7 ಸಲ ಊಹೆ ಸರಿಯಾದರೂ ಉಳಿಯುವುದು 4.2, ಖರ್ಚಾಗುವುದು 4. ಇಷ್ಟಕ್ಕೇ ಅಷ್ಟೆಲ್ಲ ಲೆಕ್ಕಾಚಾರವೇ?

ಅದಕ್ಕಿಂತ ದೊಡ್ಡ ತೊಡಕು ದತ್ತಾಂಶದಲ್ಲಿದೆ. ಮೇಲಿಟ್ಟದ್ದನ್ನು ಜನ ಹೆಚ್ಚು ಒತ್ತುತ್ತಾರೆ, ಮಾದರಿ ಅದನ್ನು ಇಷ್ಟವೆಂದು ಬರೆದುಕೊಳ್ಳುತ್ತದೆ, ಮತ್ತೆ ಅದನ್ನೇ ಮೇಲಿಡುತ್ತದೆ. ಈ ಸುಳಿ ಮುರಿಯಲು ಆಗಾಗ ಬೇಕೆಂದೇ ಬೇರೆ ಆಯ್ಕೆ ತೋರಿಸಬೇಕು, ಅಂದರೆ ಪರದೆಯನ್ನು ಇನ್ನಷ್ಟು ಅಲುಗಾಡಿಸಬೇಕು. ಒಂದೇ ಫೋನನ್ನು ತಾಯಿ, ಮಗ, ಅಜ್ಜ ಮೂವರೂ ಬಳಸುವ ಮನೆಯಲ್ಲಂತೂ ಮಾದರಿ ಕಲಿಯುವುದು ಯಾರದ್ದೂ ಅಲ್ಲದ ಅಭ್ಯಾಸವನ್ನು. ಸಹಾಯವಾಣಿಯವರು ‘ಮೇಲಿನಿಂದ ಮೂರನೆಯದು ಒತ್ತಿ’ ಎನ್ನುವಂತಿಲ್ಲ. ಪರದೆ ಓದುವ ತಂತ್ರಾಂಶದಲ್ಲಿ ಸ್ವೈಪ್ ಎಣಿಸಿ ಸಾಗುವ ಅಂಧರ ಎಣಿಕೆಯೂ ತಪ್ಪುತ್ತದೆ.

ಸಪಲ್ ವಿಷಯದಲ್ಲಿ ನನ್ನ ತಕರಾರಿಲ್ಲ. ಅದು ಒಮ್ಮೆ ಅಳೆದು, ಹೊಂದಿಸಿ, ಸುಮ್ಮನಾಗುತ್ತದೆ. ದಿನದಿನ ಜಾಗ ಬದಲಿಸುವುದಿಲ್ಲ. ಸಂಶೋಧಕರಾದ ಫಿಂಡ್‌ಲೇಟರ್ ಮತ್ತು ಮ್ಯಾಕ್‌ಗ್ರೆನೆರ್ 2004ರಲ್ಲಿ ಹೋಲಿಸಿದಾಗ ತಾನೇ ಬದಲಾಗುವ ಮೆನುವಿಗಿಂತ ಸ್ಥಿರ ಮೆನುವೇ ವೇಗವಾಗಿತ್ತು, ಹೆಚ್ಚು ಜನ ಮೆಚ್ಚಿದ್ದು ತಾವೇ ಹೊಂದಿಸಿಕೊಳ್ಳುವ ಮೆನುವನ್ನು. ಹಾಗಿದ್ದ ಮೇಲೆ ಮಾದರಿಗೆ ಒಂದೇ ಕೆಲಸ ಕೊಡಿ: ಬೇರೆ ಬೇರೆ ದಿನ ಐದು ಸಲ ಒಂದೇ ಉಪಕರಣ ಹುಡುಕಿದವರಿಗೆ ‘ಇದನ್ನು ಇಲ್ಲಿ ಪಿನ್ ಮಾಡಲೇ?’ ಎಂದು ಒಮ್ಮೆ ಕೇಳುವುದು. ಬೇಡವೆಂದರೆ ಅದೇ ಉಪಕರಣದ ಬಗ್ಗೆ ಮತ್ತೆ ಕೇಳಕೂಡದು.