‘ಕಾವ್ಯ ಗೊತ್ತಿಲ್ಲ’ ಅಂದ್ರೆ ಬರೆದೇ ಇಲ್ಲ ಅಂತಲ್ಲ

ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ವೈದೇಹಿ ಬರೀ ಕಥೆಗಾರ್ತಿ. ತನಗೆ ಕಾವ್ಯ ಗೊತ್ತಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ.’ ಇದು ಸರಿಯಲ್ಲ.

ಆ ಮಾತು ಬಂದಿರುವುದೇ ಅವರ ‘ತಿಳಿದವರೇ ಹೇಳಿ’ ಎಂಬ ಕವಿತೆಯಲ್ಲಿ! ಕಾವ್ಯ ಗೊತ್ತಿಲ್ಲ, ತಿಳಿಸಾರು ಗೊತ್ತು ಎನ್ನುವ ಹೆಂಗಸು ಅಲ್ಲಿ ಮಾತಾಡುತ್ತಾಳೆ. ಸಾರು ಅಂದ್ರೆ ಸುಮ್ನೆ ಅಲ್ಲ, ಅದಕ್ಕೂ ನೀರು, ಪರಿಮಳ, ಕುದಿದು ಬರುವ ಹದ ಬೇಕು ಎಂದು ತಿಳಿದವರಿಗೇ ಪಾಠ ಹೇಳುತ್ತಾಳೆ. ಅದು ಶರಣಾಗತಿ ಅಲ್ಲ, ನಯವಾದ ಚುಚ್ಚು. ಕವಿತೆ ಅಂದರೆ ಹೀಗೇ ಇರಬೇಕು ಎನ್ನುತ್ತಿದ್ದ ಗಂಡಸರ ಪಂಕ್ತಿಯಲ್ಲಿ ಅವರು ಅಡುಗೆಮನೆಯ ಮಾತಿನಲ್ಲೇ ಜಾಗ ಮಾಡಿಕೊಂಡರು. ಒಂದೇ ಸಾಲು ಕತ್ತರಿಸಿ ಹಂಚಿದರೆ ಈ ತಮಾಷೆ ಪೂರ್ತಿ ಹೋಗುತ್ತದೆ, ಅಲ್ವಾ?

‘ಬಿಂದು ಬಿಂದಿಗೆ’, ‘ಪಾರಿಜಾತ’, ‘ಹೂವ ಕಟ್ಟುವ ಹುಡುಗಿ’ ಅವರ ಕವನ ಸಂಕಲನಗಳು. ಗೊಂದಲಕ್ಕೆ ಒಂದು ಕಾರಣ ಇರಬಹುದು: 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ. ಕಥೆಯ ಹೆಸರು ಜಾಸ್ತಿ ಕೇಳಿದೆ, ಅಷ್ಟೇ.

ಸಂದೇಶ ಮುಂದೆ ಕಳಿಸುವ ಮೊದಲು ಆ ಕವಿತೆಯನ್ನು ಪೂರ್ತಿ ಓದಿ. ಚಿಕ್ಕದೇ ಇದೆ.